ಒದ್ದೆ ಮರಳಿನ ತೂಕ

"ಎಷ್ಟಕ್ಕೆ ಇಳೀಬೇಕು ಅಂತ ನಿಮ್ಮ ಮನಸ್ಸಲ್ಲಿದೆ?" ಎಂದು ಡಾಕ್ಟರಮ್ಮ ಕೇಳಿ ಬಾಯಿ ಮುಚ್ಚುವಷ್ಟರಲ್ಲಿ ನಾನು "ತೊಂಬತ್ತೈದು" ಅಂದುಬಿಟ್ಟೆ.

ಹೊಟ್ಟೆಯನ್ನು ಕತ್ತರಿಸಿ ಚಿಕ್ಕದು ಮಾಡುವ ಸರ್ಜನ್ ಆಕೆ. ನನಗೆ ಮಗಳು ಅಂತ ಒಬ್ಬಳಿದ್ದಿದ್ದರೆ ಹೆಚ್ಚುಕಡಿಮೆ ಅದೇ ವಯಸ್ಸು. ಅವರ ಕೋಣೆಯಲ್ಲಿ ನಾನು ಕೂತಿದ್ದ ಕುರ್ಚಿಗೆ ಕೈಗಳಿರಲಿಲ್ಲ. ಅಷ್ಟರಿಂದಲೇ ಇದು ನಮ್ಮಂಥವರ ಕಷ್ಟ ಬಲ್ಲ ಜಾಗ ಎಂದು ನನಗೆ ಗೊತ್ತಾಗಿತ್ತು. ಬೇರೆ ಕಡೆ ನಾನು ಎದ್ದರೆ ಕುರ್ಚಿಯೂ ನನ್ನ ಜೊತೆ ಏಳುತ್ತದೆ, ಅದನ್ನು ಬಿಡಿಸಲು ಇನ್ನೊಬ್ಬರು ಬರಬೇಕಾಗುತ್ತದೆ.

"ಈಗ ನೂರ ಐವತ್ತೆಂಟು ಇದೀರಿ" ಎಂದು ಅವರು ಪರದೆ ನೋಡಿದರು. "ನಿಮ್ಮ ಎತ್ತರ, ವಯಸ್ಸು, ಮೊಣಕಾಲು ಎಲ್ಲಾ ಲೆಕ್ಕ ಹಾಕಿದ್ರೆ ಆಪರೇಷನ್ ಆಗಿ ಒಂದೂವರೆ ವರ್ಷಕ್ಕೆ ನೂರ ಹತ್ತರ ಆಸುಪಾಸಲ್ಲಿ ನಿಲ್ತೀರಿ. ಅದು ಒಳ್ಳೇ ಫಲಿತಾಂಶ. ನಾನು ಖುಷಿಪಡೋ ಫಲಿತಾಂಶ."

"ನಿಮ್ಮ ಖುಷಿಗೆ ನಾನು ಬಂದಿಲ್ಲ ಡಾಕ್ಟ್ರೇ. ನನಗೆ ತೊಂಬತ್ತೈದು ಬೇಕು."

"ತೊಂಬತ್ತೈದೇ ಯಾಕೆ?"

ಹೇಳಿದೆ. ನನ್ನ ಹೆಂಡತಿಗೆ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಮೂರು ಸಲ ಡಯಾಲಿಸಿಸ್ ಯಂತ್ರಕ್ಕೆ ಕೈಯೊಡ್ಡಿ ಮಲಗುತ್ತಾಳೆ. ಅವಳ ತಂಗಿಯದು ಹೊಂದಲಿಲ್ಲ. ನನ್ನದು ಹೊಂದಿತು. ರಕ್ತ ಹೊಂದಿತು, ಒಳಗಿನ ಏನೇನೋ ಹೊಂದಿತು, ಕಿಡ್ನಿ ಡಾಕ್ಟರು ನನ್ನ ಬೆನ್ನು ತಟ್ಟಿದರು, ಆಮೇಲೆ ನನ್ನ ಹೊಟ್ಟೆ ನೋಡಿದರು. ಇಷ್ಟು ದಪ್ಪದವರಿಂದ ಕಿಡ್ನಿ ತೆಗೆಯುವಂತಿಲ್ಲವಂತೆ. ತೆಗೆದರೆ ನಾನು ಉಳಿಯುವುದು ಕಷ್ಟ, ಉಳಿದರೂ ಮಿಕ್ಕ ಒಂದು ಕಿಡ್ನಿ ಇಷ್ಟು ದೊಡ್ಡ ಸಂಸಾರ ತೂಗಿಸಲಾರದು. "ತೊಂಬತ್ತೈದರ ಕೆಳಗೆ ಬನ್ನಿ, ಆಮೇಲೆ ಮಾತಾಡೋಣ" ಅಂದಿದ್ದರು.

ಡಾಕ್ಟರಮ್ಮ ಪರದೆ ಬಿಟ್ಟು ನನ್ನ ಕಡೆ ತಿರುಗಿದರು. "ಅದು ಅವರು ಇಟ್ಟ ಗೆರೆ. ನಿಮ್ಮ ಗುರಿ ಅಲ್ಲ" ಅಂದರು.

"ಎರಡೂ ಒಂದೇ."

"ಒಂದಲ್ಲ. ನಿಮ್ಮ ಸ್ಥಿತಿಯಲ್ಲಿರೋರಲ್ಲಿ ಎಲ್ಲೋ ಒಬ್ಬಿಬ್ಬರು ತೊಂಬತ್ತೈದು ಮುಟ್ತಾರೆ. ಮುಟ್ಟಲ್ಲ ಅಂತ ಹೇಳಲ್ಲ. ಆದ್ರೆ ಮಿಕ್ಕವರು ಮುಟ್ಟಲ್ಲ. ಅವರು ತಪ್ಪು ಮಾಡಿರ್ತಾರೆ ಅಂತಲ್ಲ, ಶರೀರ ಒಂದು ಕಡೆ ಬಂದು ನಿಂತುಬಿಡುತ್ತೆ. ಆಗದ ಸಂಖ್ಯೆ ಕಟ್ಕೊಂಡು ಆಪರೇಷನ್ ಮೇಜಿನ ಮೇಲೆ ಮಲಗಿದವರು ಆಮೇಲೆ ಏನೇನು ಮಾಡ್ಕೋತಾರೆ ಅಂತ ನಾನು ನೋಡಿದೀನಿ. ಊಟ ಪೂರ್ತಿ ಬಿಟ್ಟವರಿದಾರೆ."

"ನಾನೂ ಬಿಡ್ತೀನಿ" ಅಂದೆ.

"ಅದೇ ನನ್ನ ಭಯ."

ನನ್ನ ಲಿವರ್ ಕೊಬ್ಬಿ ಹೊಟ್ಟೆಯ ಮೇಲೆ ಮಲಗಿದೆ, ಅದು ಪಕ್ಕಕ್ಕೆ ಸರಿಯುವ ಹಾಗಾಗಲು ಎರಡು ತಿಂಗಳಲ್ಲಿ ಎಂಟು ಕೆಜಿ ಇಳಿಸಬೇಕು ಎಂದರು. ಊಟದ ಬದಲು ನೀರಿಗೆ ಕಲಸಿ ಕುಡಿಯುವ ಪುಡಿಯ ಡಬ್ಬ ಬರೆದುಕೊಟ್ಟರು. "ಮುಂದಿನ ಸಲ ಮನೆಯವರನ್ನೂ ಕರ್ಕೊಂಡು ಬನ್ನಿ. ಗುರಿ ತೂಕ ಇಷ್ಟು ಅಂತ ಮೂರು ಜನವೂ ಒಪ್ಪೋವರೆಗೆ ನಾನು ತಾರೀಕು ಕೊಡಲ್ಲ."

ನನಗೆ ಪಿತ್ತ ನೆತ್ತಿಗೇರಿತು. "ಎಂಟಲ್ಲ, ಇಪ್ಪತ್ತು ಇಳಿಸ್ಕೊಂಡು ಬರ್ತೀನಿ. ನಿಮ್ಮ ನೂರ ಹತ್ತನ್ನ ಆಮೇಲೆ ನೀವೇ ಇಟ್ಕೊಳ್ಳಿ" ಎಂದು ಹೇಳಿ ಎದ್ದೆ. ಕುರ್ಚಿ ಅಲ್ಲೇ ಉಳಿಯಿತು.

ತೂಕದ ಮಾತನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ ಎಂಬ ಸೊಕ್ಕು ನನಗಿತ್ತು. ನನ್ನ ಕೆಲಸವೇ ತೂಕ. ಕಾಂಕ್ರೀಟ್ ಕಲಸುವ ಕಾರ್ಖಾನೆಯೊಂದರ ಬಾಗಿಲಲ್ಲಿ ವೇಬ್ರಿಡ್ಜ್ ನೋಡಿಕೊಳ್ಳುತ್ತೇನೆ. ನೆಲಕ್ಕೆ ಸಮನಾಗಿ ಹಾಸಿದ ಉಕ್ಕಿನ ಹಾಸು, ಅದರ ಪಕ್ಕದಲ್ಲಿ ಗಾಜಿನ ಬೂತು, ಬೂತಿನೊಳಗೆ ಒಂದು ಪರದೆ, ಒಂದು ಮೈಕು ಮತ್ತು ನಾನು. ಮರಳಿನ ಲಾರಿ ತುಂಬಿಕೊಂಡು ಬಂದು ಹಾಸಿನ ಮೇಲೆ ನಿಲ್ಲುತ್ತದೆ. "ಡ್ರೈವರ್ ಕೆಳಗಿಳೀರಿ" ಎಂದು ಮೈಕಿನಲ್ಲಿ ಕೂಗುತ್ತೇನೆ. ಇಳಿಯುತ್ತಾನೆ. ತೂಕ ಬರೆದುಕೊಳ್ಳುತ್ತೇನೆ. ಲಾರಿ ಒಳಗೆ ಹೋಗಿ ಮರಳು ಸುರಿದು ಖಾಲಿಯಾಗಿ ಬಂದು ಮತ್ತೆ ನಿಲ್ಲುತ್ತದೆ. ತುಂಬಿದ್ದರಲ್ಲಿ ಖಾಲಿಯನ್ನು ಕಳೆದರೆ ಮರಳು. ನೋಡುವವರಿಗೆ ಮಕ್ಕಳಾಟ. ಆದರೆ ಕಣ್ಣಿಗೆ ಮಣ್ಣೆರಚುವವರು ಎಷ್ಟು ಬಗೆಯವರಿದ್ದಾರೆ ಎಂದು ಆ ಬೂತಿನಲ್ಲಿ ಕೂತವನಿಗೇ ಗೊತ್ತು.

ಡ್ರೈವರುಗಳು ನನ್ನನ್ನು ಲೋಡಣ್ಣ ಅನ್ನುತ್ತಾರೆ. "ಲೋಡಣ್ಣ, ಇವತ್ತು ನಿಮ್ಮದೆಷ್ಟು ಟನ್?" ಎಂದು ಕೇಳಿ ಹಲ್ಲು ಕಿರಿಯುತ್ತಾರೆ. ನಾನೂ ನಗುತ್ತೇನೆ. ನಮ್ಮ ಅಪ್ಪ ಹೀಗೇ ದಪ್ಪ, ಅಣ್ಣನೂ ಹೀಗೇ. ಇಬ್ಬರೂ ಐವತ್ತು ದಾಟಲಿಲ್ಲ, ಎದೆ ಹಿಡಿದುಕೊಂಡು ಕೂತವರು ಕೂತಲ್ಲೇ ಹೋದರು. ನನಗೆ ನಲವತ್ತೊಂಬತ್ತು. ಆ ಲೆಕ್ಕವನ್ನು ನಾನು ಮಾಡುತ್ತಿರಲಿಲ್ಲ, ನನ್ನವಳು ಮಾಡುತ್ತಿದ್ದಳು. ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೆ.

ಮನೆಯಲ್ಲಿದ್ದ ತೂಕದ ಯಂತ್ರ ನನ್ನನ್ನು ಕಂಡರೆ ಕೈಮುಗಿದುಬಿಡುತ್ತಿತ್ತು. ಅದಕ್ಕೇ ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ, ಮಧ್ಯಾಹ್ನದ ಬಿಡುವಿನಲ್ಲಿ ನನಗೆ ಊಟ ತಂದುಕೊಡಲು ಬಂದಾಗ, ನಾನು ಹೋಗಿ ವೇಬ್ರಿಡ್ಜಿನ ಮೇಲೆ ನಿಲ್ಲುತ್ತಿದ್ದೆ. ಅದು ಹತ್ತು ಹತ್ತು ಕೆಜಿಯ ಲೆಕ್ಕದಲ್ಲಿ ಮಾತ್ರ ತೋರಿಸುತ್ತದೆ, ಅದಕ್ಕಿಂತ ಸಣ್ಣದು ಲಾರಿಗಳಿಗೆ ಲೆಕ್ಕಕ್ಕಿಲ್ಲ. ಅವಳು ಬೂತಿನೊಳಗೆ ನನ್ನ ಕುರ್ಚಿಯಲ್ಲಿ ಕೂತು ಮೈಕು ಹಿಡಿದು, "ನೂರ ಅರವತ್ತು! ಸರಕು ಎಲ್ಲಿ ಸುರೀಬೇಕು ಸ್ವಾಮಿ?" ಎಂದು ಇಡೀ ಕಾರ್ಖಾನೆಗೆ ಕೇಳುವ ಹಾಗೆ ಕೂಗುತ್ತಿದ್ದಳು. ಜಲ್ಲಿ ರಾಶಿಯ ಹಿಂದಿನಿಂದ ಯಾರೋ ಶಿಳ್ಳೆ ಹಾಕುತ್ತಿದ್ದರು. ಅಂಥ ಹೆಂಗಸು ಅವಳು. ಈಗ ಅಂಗಡಿ ಬಿಟ್ಟಿದ್ದಾಳೆ, ನನ್ನ ಬೂತಿನ ಕಡೆ ಬಂದು ಎಷ್ಟೋ ದಿನವಾಯಿತು.

ಅವಳಿಗೂ ಒಂದು ಗುರಿ ತೂಕವಿತ್ತು. ಡಯಾಲಿಸಿಸ್ ಸೆಂಟರಿನಲ್ಲಿ ಅದನ್ನು ಒಣ ತೂಕ ಅನ್ನುತ್ತಾರೆ. ಕಿಡ್ನಿ ಕೆಲಸ ಮಾಡದಿದ್ದರೆ ಕುಡಿದ ನೀರು ಮೈಯಲ್ಲೇ ನಿಲ್ಲುತ್ತದೆ. ಯಂತ್ರ ಅದನ್ನು ಹಿಂಡಿ ತೆಗೆಯುತ್ತದೆ. ಎಲ್ಲಿಯವರೆಗೆ ತೆಗೆಯಬೇಕು ಎಂದು ಡಾಕ್ಟರು ಒಂದು ಸಂಖ್ಯೆ ಇಟ್ಟಿರುತ್ತಾರೆ. ನೀರೆಲ್ಲ ಹೋದ ಮೇಲೆ ಉಳಿಯುವ ಬರೀ ಮನುಷ್ಯರ ತೂಕ. ಅವಳದು ಐವತ್ತನಾಲ್ಕು. ಸೂಜಿ ಕೀಳಿಸಿಕೊಂಡು ಎದ್ದು ತೂಕ ನೋಡಿದರೆ ಪ್ರತಿ ಸಲ ಐವತ್ತನಾಲ್ಕು. ಮೊಳೆ ಹೊಡೆದ ಹಾಗೆ.

ಡಾಕ್ಟರಮ್ಮನ ಕೋಣೆಯಿಂದ ಬಂದ ದಿನವೇ ನಾನು ಅಡುಗೆಮನೆ ಖಾಲಿ ಮಾಡಿದೆ. ಹಿಟ್ಟು, ಎಣ್ಣೆ, ಬೇಳೆ, ಬಿಸ್ಕತ್ತು, ಸಕ್ಕರೆ, ಎಲ್ಲವನ್ನೂ ಚೀಲಕ್ಕೆ ತುಂಬಿ ನಾದಿನಿಯ ಮನೆಗೆ ಸಾಗಿಸಿದೆ. ನಾನು ನನ್ನ ಬಾಯಿಯನ್ನು ಬಲ್ಲೆ. ಒಗ್ಗರಣೆಯ ವಾಸನೆ ಬಂದರೆ ಸಾಕು, ನನ್ನ ಹಠವೆಲ್ಲ ಕರಗಿ ನೀರಾಗುತ್ತದೆ.

"ಒಲೆ ಹಚ್ಚಬೇಡ" ಅಂದೆ ನನ್ನವಳಿಗೆ. "ನೀನು ತಂಗಿ ಮನೇಲಿ ಊಟ ಮುಗಿಸ್ಕೊಂಡು ಬಾ. ಎರಡೇ ತಿಂಗಳು."

"ಆಗ್ಲಿ ಬಿಡಿ" ಅಂದಳು. "ಅಡುಗೆ ಮಾಡೋ ಕೆಲಸ ತಪ್ತು ನನಗೆ."

ಬೆಳಿಗ್ಗೆ ನೀರಿಗೆ ಪುಡಿ, ಮಧ್ಯಾಹ್ನ ನೀರಿಗೆ ಪುಡಿ, ಸಂಜೆ ಎರಡು ಸೌತೆಕಾಯಿ. ಹೊಟ್ಟೆ ಬೂತಿನ ಗಾಜು ಅದುರುವ ಹಾಗೆ ತಾಳ ಹಾಕುತ್ತಿತ್ತು. ಡಾಕ್ಟರಮ್ಮ ಹೇಳಿದ್ದಕ್ಕಿಂತ ಅರ್ಧ ಕಡಿಮೆ ಪುಡಿ ಹಾಕಿಕೊಳ್ಳುತ್ತಿದ್ದೆ. ಒಮ್ಮೆ ಮೈಕಿನಲ್ಲಿ "ಡ್ರೈವರ್ ಕೆಳಗಿಳೀರಿ" ಅನ್ನಲು ಹೋಗಿ ತಲೆ ತಿರುಗಿ ಪರದೆಯ ಮೇಲೆ ಒರಗಿದೆ. ಆದರೂ ಇಳಿಯುತ್ತಿದ್ದೆ. ಬೆಲ್ಟಿಗೆ ಹೊಸ ತೂತು ಕೊರೆದೆ, ಆಮೇಲೆ ಇನ್ನೊಂದು. ಸಂಜೆ ಮನೆಗೆ ಬಂದವನೇ ಕೇಳುತ್ತಿದ್ದೆ, "ಊಟ ಆಯ್ತಾ?"

"ಆಯ್ತು."

"ಇವತ್ತು ತೂಕ?"

"ಐವತ್ತನಾಲ್ಕು."

"ಹಾಗೇ ಹಿಡ್ಕೊಂಡಿರು. ನಾನು ಇಳೀತಿದೀನಿ, ನೀನು ನಿಂತಿರು" ಎಂದು ಅವಳ ಕೆನ್ನೆ ತಟ್ಟುತ್ತಿದ್ದೆ. ಅಷ್ಟು ಖುಷಿ ನನಗೆ.

ಅವಳಿಗೆ ಉಸಿರು ಕಟ್ಟಲು ಶುರುವಾದದ್ದು ಅದೇ ಹೊತ್ತಿನಲ್ಲಿ. ಮೊದಲು ಒಂದು ದಿಂಬು ಸಾಲದೆ ಎರಡು ಬೇಕಾಯಿತು, ಆಮೇಲೆ ಮೂರು. ಒಂದು ದಿನ ಬೆಳಿಗ್ಗೆ ನಾನು ಎದ್ದಾಗ ಅವಳು ಹಾಸಿಗೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಪಾದ ಊದಿ ಮಿರಮಿರ ಹೊಳೆಯುತ್ತಿತ್ತು. ಹೆಬ್ಬೆರಳಿನಿಂದ ಒತ್ತಿದೆ. ಒತ್ತಿದಲ್ಲಿ ಗುಳಿ ಬಿತ್ತು, ಮೇಲೇಳಲಿಲ್ಲ.

"ಕದ್ದು ನೀರು ಕುಡೀತಿದೀಯಾ?" ಅಂದೆ.

"ಇಲ್ಲ ರೀ."

"ಸುಳ್ಳು ಹೇಳ್ಬೇಡ. ಕುಡೀದೆ ಇದು ಎಲ್ಲಿಂದ ಬಂತು? ನಾನಿಲ್ಲಿ ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕ್ಕೊಂಡು ಸಾಯ್ತಿದೀನಿ, ನಿನಗೆ ಒಂದು ಲೋಟ ನೀರು ಬಿಡಕ್ಕಾಗಲ್ವಾ?"

ದಿನಕ್ಕೆ ಅವಳಿಗೆ ಒಂದು ಚಿಕ್ಕ ಬಾಟಲಿ ನೀರು, ಅಷ್ಟೇ ಅಪ್ಪಣೆ. ನಾನು ಪೆನ್ನು ತಂದು ಬಾಟಲಿಯ ಮೇಲೆ ಬೆಳಗಿಗಿಷ್ಟು, ಮಧ್ಯಾಹ್ನಕ್ಕಿಷ್ಟು ಎಂದು ಗೆರೆ ಎಳೆದೆ. ಲಾರಿಯವರನ್ನು ನೋಡುವ ಕಣ್ಣಿನಿಂದ ಅವಳನ್ನು ನೋಡಿದೆ. ಅವಳು ಜಗಳಕ್ಕೆ ಬರಲಿಲ್ಲ. "ಗೆರೆ ಸೊಟ್ಟಗಿದೆ. ನಿಮಗೆ ಓದೋ ಕನ್ನಡಕ ಬೇಕು, ಅಂಗಡಿಗೆ ಹೋಗ್ಬನ್ನಿ" ಎಂದಳು, ಮಾತಿನ ನಡುವೆ ಎರಡು ಸಲ ನಿಂತು ಉಸಿರೆಳೆದುಕೊಂಡು.

ಆ ವಾರವೇ ಒಂದು ಲಾರಿ ಸಿಕ್ಕಿತು. ಪರದೆಯ ಮೇಲೆ ತೂಕ ಭರ್ತಿಯಾಗಿತ್ತು. ಆದರೆ ಅದು ನಿಂತ ಜಾಗದಲ್ಲಿ ಹಿಂದಿನ ಬಾಗಿಲಿನ ಸಂದಿಯಿಂದ ನೀರು ತೊಟ್ಟಿಕ್ಕಿ ಉಕ್ಕಿನ ಹಾಸು ಕಪ್ಪಾಗುತ್ತಿತ್ತು. ನಾನು ಬೂತಿನಿಂದ ಇಳಿದು ಹೋಗಿ ಲಾರಿಯ ಪಕ್ಕದ ಮೆಟ್ಟಿಲಿಗೆ ನೇತುಬಿದ್ದು ಒಂದು ಹಿಡಿ ಮರಳು ತೆಗೆದು ಹಿಂಡಿದೆ. ಬೆರಳ ಸಂದಿಯಿಂದ ನೀರು ಇಳಿಯಿತು.

"ಎಲ್ಲಿ ಕುಡಿಸ್ಕೊಂಡು ಬಂದ್ಯೋ ಇದಕ್ಕೆ?" ಎಂದು ಡ್ರೈವರನ ಮೇಲೆ ಎಗರಿದೆ.

"ಲೋಡಣ್ಣ, ತೂಕ ಸರಿಯಾಗಿದೆಯಲ್ಲ?"

"ತೂಕ ಸರಿ ಇದೆ. ಮರಳೆಲ್ಲಿ? ಮರಳು ಕಡಿಮೆ ತುಂಬಿ ಮಿಕ್ಕಿದ್ದಕ್ಕೆ ನೀರು ಬಿಟ್ಟಿದೀಯಾ. ನನ್ನ ಮುಂದೆ ಈ ಆಟ ನಡೆಯಲ್ಲ, ತಿರುಗಿಸು ಗಾಡಿ!"

ಸಂಜೆ ಇದನ್ನು ನನ್ನವಳಿಗೆ ಕೈಬಾಯಿ ಆಡಿಸಿ ಹೇಳಿದೆ. ಅವಳು ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ.

ಮಾರನೆಯ ದಿನ ಡಯಾಲಿಸಿಸ್ ಸೆಂಟರಿನ ಬಾಗಿಲಲ್ಲಿ ಕಾರಿನಿಂದ ಇಳಿಯುವಾಗ ಅವಳು ನನ್ನ ತೋಳು ಹಿಡಿದು ಹಾಗೇ ಕುಸಿದಳು. ತುಟಿ ನೀಲಿಯಾಗಿತ್ತು. ಒಳಗೆ ಓಡಿಸಿಕೊಂಡು ಹೋಗಿ ಮೂಗಿಗೆ ಆಮ್ಲಜನಕ ಹಚ್ಚಿದರು. ನಾನು ಗೋಡೆಗೆ ಆನಿಕೊಂಡು ನಿಂತೆ. ಕೂರಲು ಹೋದರೆ ಅಲ್ಲಿನ ಕುರ್ಚಿಗಳಿಗೆಲ್ಲ ಕೈಗಳಿದ್ದವು.

ಕಿಡ್ನಿ ಡಾಕ್ಟರು ಬಂದು ಅವಳ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿಸಿಕೊಂಡರು. ಆಮೇಲೆ ಅವಳ ತೋಳಿನ ಮೇಲ್ಭಾಗವನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. ನಾನೂ ಆಗ ನೋಡಿದೆ. ಅವರ ಹೆಬ್ಬೆರಳೂ ತೋರುಬೆರಳೂ ಹೆಚ್ಚುಕಡಿಮೆ ಕೂಡಿಕೊಂಡವು.

"ಪ್ರತಿ ಸಲ ಐವತ್ತನಾಲ್ಕಕ್ಕೆ ತಂದೇ ಕಳಿಸ್ತಿದೀವಲ್ಲ ಸರ್" ಎಂದು ನರ್ಸ್ ಗಾಬರಿಯಿಂದ ಹೇಳಿದಳು.

"ಐವತ್ತನಾಲ್ಕು ಇವರ ತೂಕ ಅಲ್ಲ ಈಗ. ಮೈಯಲ್ಲಿ ಮಾಂಸ ಹೋಗಿದೆ, ಆ ಜಾಗದಲ್ಲಿ ನೀರು ನಿಂತಿದೆ. ನಾವೆಲ್ಲ ಸಂಖ್ಯೆ ಸರಿ ಇದೆ ಅಂತ ಕೂತಿದ್ವಿ" ಎಂದು ಅವರು ತಮ್ಮನ್ನೇ ಬೈದುಕೊಂಡ ಹಾಗೆ ಅಂದರು. "ಒಣ ತೂಕ ನಲವತ್ತೆಂಟಕ್ಕೆ ಇಳಿಸಿ. ಒಂದೇ ಸಲಕ್ಕೆ ಬೇಡ, ನಿಧಾನವಾಗಿ." ಆಮೇಲೆ ಅವಳ ಕಿವಿಯ ಹತ್ತಿರ ಬಾಗಿ, "ಅಮ್ಮ, ನೀವು ಊಟ ಮಾಡ್ತಿದೀರಾ?" ಎಂದು ಕೇಳಿದರು.

ಅವಳು ನನ್ನ ಕಡೆ ನೋಡಿದಳು.

ಯಾರೋ ನನ್ನ ನೆತ್ತಿಯ ಮೇಲೆ ಹೊಡೆದ ಹಾಗಾಯಿತು. ದಿನಕ್ಕೆ ಎಷ್ಟು ಲಾರಿ ಹಿಡಿಯುತ್ತೇನೆ ನಾನು! ಹಿಡಿ ಮರಳು ಹಿಂಡಿ ನೋಡದೆ ಒಂದು ಲೋಡು ಒಳಗೆ ಬಿಡುವವನಲ್ಲ. ಮನೆಯಲ್ಲಿ ನನ್ನ ಪಕ್ಕದಲ್ಲೇ ಮಲಗುವವಳು ದಿನದಿನಕ್ಕೆ ಕರಗಿ ನೀರಾಗುತ್ತಿದ್ದರೆ, ಐವತ್ತನಾಲ್ಕು ಎಂದು ಕೇಳಿ ಕೆನ್ನೆ ತಟ್ಟಿ ಮಲಗಿದೆ. ಸಾಲದು ಅಂತ ಅವಳನ್ನೇ ಕಳ್ಳಿ ಮಾಡಿ ಬಾಟಲಿಗೆ ಗೆರೆ ಎಳೆದೆ. ನನ್ನಂಥ ಮುಠ್ಠಾಳ ಇನ್ನೊಬ್ಬನಿರಲಾರ.

ಆ ದಿನ ನಾಲ್ಕು ಗಂಟೆ ಹೊತ್ತು ಅವಳ ಮೈಯಿಂದ ನೀರಿಳಿಯುತ್ತಿದ್ದಾಗ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಕೇಳಿದೆ, "ತಂಗಿ ಮನೆಗೆ ಹೋಗ್ತಿರಲಿಲ್ವಾ?"

"ಮೊದಲು ಹೋಗ್ತಿದ್ದೆ. ಅವಳದು ಮೂರನೇ ಮಹಡಿ ರೀ. ಹತ್ತೋಕ್ಕಾಗ್ಲಿಲ್ಲ."

"ಮತ್ತೆ ಏನು ತಿಂತಿದ್ದೆ?"

"ಇಲ್ಲಿ ಕೊಡೋ ಬ್ರೆಡ್ಡು. ಕೆಲವು ದಿನ ಅದೂ ಸೇರ್ತಿರಲಿಲ್ಲ."

"ಮನೇಲಿ ಮಾಡ್ಕೊಳ್ಳೋಕ್ಕೇನಾಗಿತ್ತು? ನನ್ನ ಹತ್ರ ಒಂದು ಮಾತು ಹೇಳ್ಬಾರದಿತ್ತಾ?"

"ನೀವು ಆ ಗಂಜಲದಂಥ ಪುಡಿ ನೀರು ಮೂಗು ಹಿಡ್ಕೊಂಡು ಕುಡಿಯೋವಾಗ ನಾನು ಒಲೆ ಹಚ್ಚಲಾ? ಯಾರಿಗೋಸ್ಕರ ಕುಡೀತಿದೀರಿ ಅಂತ ನನಗೆ ಗೊತ್ತಿಲ್ವಾ?" ಎಂದಳು. ಆಮೇಲೆ ಕಣ್ಣು ಮುಚ್ಚಿಕೊಂಡಳು. "ನಿಮ್ಮ ಮುಂದೆ ಗಂಟಲಲ್ಲಿ ಇಳೀತಿರಲಿಲ್ಲ."

ನಾನು ಅತ್ತುಬಿಟ್ಟೆ. ಅಷ್ಟು ಜನರ ಮಧ್ಯೆ, ಸ್ಟೂಲು ಕಿರುಗುಟ್ಟುವ ಹಾಗೆ. ಪಕ್ಕದ ಹಾಸಿಗೆಯ ಮುದುಕರು ಮುಖ ತಿರುಗಿಸಿ ಯಂತ್ರವನ್ನು ನೋಡತೊಡಗಿದರು.

ಮನೆಗೆ ಬಂದು ಒಲೆ ಹಚ್ಚಿದೆ. ಮೊಟ್ಟೆಯ ಬಿಳಿ ಭಾಗ, ಮೀನು, ಇವು ಅವಳಿಗೆ ಬೇಕು ಎಂದು ಹೇಳಿದ್ದರು. ಹೊತ್ತು ಹೊತ್ತಿಗೆ ನಾನೇ ಬೇಯಿಸಿ ಅವಳ ಮುಂದಿಟ್ಟೆ. ವಾಸನೆಗೆ ನನ್ನ ಬಾಯಲ್ಲಿ ನೀರು ಸುರಿಯುತ್ತಿತ್ತು. ಒಂದು ಸಲ ಅವಳ ತಟ್ಟೆ ತೊಳೆಯುವಾಗ ಅಂಚಿಗೆ ಅಂಟಿದ್ದ ಮೀನಿನ ಚೂರನ್ನು ನಲ್ಲಿಯ ಕೆಳಗೆ ಹಿಡಿಯದೆ ನೆಕ್ಕಿದೆ. ನಾಚಿಕೆಯಾಯಿತು, ಆದರೂ ನೆಕ್ಕಿದೆ. ಅವಳಿಗೆ ನಾನು ಎದುರಿಗಿದ್ದರೆ ಈಗಲೂ ತುತ್ತು ಇಳಿಯುತ್ತಿರಲಿಲ್ಲ. ಅದಕ್ಕೆ ತಟ್ಟೆ ಇಟ್ಟು ನಾನು ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದೆ. ತಟ್ಟೆಯ ಮೇಲೆ ಚಮಚದ ಸದ್ದು ಎಣಿಸುತ್ತಾ, ಸದ್ದು ನಿಂತರೆ "ತಿಂತಿದೀಯಾ?" ಎಂದು ಅಲ್ಲಿಂದಲೇ ಕೂಗುತ್ತಾ.

ಅವಳ ಉಸಿರು ಸರಿಹೋಯಿತು. ಒಂದು ದಿಂಬಿಗೆ ಬಂದಳು. ಆದರೆ ನೀರಿಳಿದ ಮೇಲೆ ಅವಳು ಎಷ್ಟು ಉಳಿದಿದ್ದಾಳೆ ಎಂದು ಕಣ್ಣಿಗೆ ಕಂಡಿತು. ಕೊರಳ ಮೂಳೆಯ ಹಿಂದೆ ಒಂದು ಬಟ್ಟಲು ಇಡುವಷ್ಟು ಗುಳಿ. ನನಗೆ ಅದನ್ನು ನೋಡಿದಾಗಲೆಲ್ಲ ತೊಂಬತ್ತೈದು, ತೊಂಬತ್ತೈದು ಎಂದು ತಲೆಯೊಳಗೆ ಬಡಿಯುತ್ತಿತ್ತು. ಒಂದೂವರೆ ವರ್ಷ ಈಕೆ ಯಂತ್ರದ ಮೇಲೆ ತಡೆಯುತ್ತಾಳಾ? ತಡೆಯದಿದ್ದರೆ ನಾನು ಇಳಿದು ಏನು ಪ್ರಯೋಜನ? ನನಗೆ ಬೇರೆ ಯಾವ ಸಂಖ್ಯೆಯೂ ಬೇಡವಾಗಿತ್ತು.

ಎರಡು ತಿಂಗಳಾದ ಮೇಲೆ ಇಬ್ಬರೂ ಡಾಕ್ಟರಮ್ಮನ ಕೋಣೆಗೆ ಹೋದೆವು. ಅಲ್ಲಿನ ಯಂತ್ರದ ಮೇಲೆ ನಿಂತೆ. ನೂರ ನಲವತ್ತೊಂದು.

"ಹದಿನೇಳು ಕೆಜಿ!" ಎಂದು ನಾನೇ ಕೂಗಿದೆ. "ಈಗ ಹೇಳಿ ಡಾಕ್ಟ್ರೇ. ತೊಂಬತ್ತೈದು ಆಗುತ್ತೋ ಇಲ್ವೋ?"

"ತುಂಬಾ ಇಳಿಸಿದೀರಿ. ನಾನು ಹೇಳಿದ್ದಕ್ಕಿಂತ ಜಾಸ್ತಿ, ಅದು ನನಗಿಷ್ಟವಾಗ್ಲಿಲ್ಲ" ಅಂದರು. "ಲಿವರ್ ಚಿಕ್ಕದಾಗಿದೆ, ಆಪರೇಷನ್ ಮಾಡಬಹುದು. ಆದ್ರೆ ಕೊನೇಲಿ ನಿಲ್ಲೋ ಜಾಗ ನೂರ ಹತ್ತೇ. ಮೊದಲೇ ಇಳಿಸಿದ ಹದಿನೇಳೂ ಆ ಲೆಕ್ಕದೊಳಗೇ ಬರುತ್ತೆ."

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮೇಜಿನ ಅಂಚು ಹಿಡಿದುಕೊಂಡೆ. ಹದಿನೇಳು ಕೆಜಿ, ನನ್ನ ಹೆಂಡತಿಯ ಮೈಮಾಂಸ, ಆ ಬಾಟಲಿಯ ಗೆರೆ, ಎಲ್ಲ ಸುರಿದರೂ ಸಂಖ್ಯೆ ಕದಲಿಲ್ಲ.

"ಹೊಟ್ಟೆ ಇನ್ನೂ ಚಿಕ್ಕದಾಗಿ ಕತ್ತರಿಸಿ" ಅಂದೆ. "ಬೆರಳಷ್ಟು ಬಿಡಿ ಸಾಕು. ಏನಾದ್ರೂ ಆದ್ರೆ ನನ್ನ ತಲೆ ಮೇಲೆ. ಬರೆದುಕೊಡ್ತೀನಿ. ನಿಮ್ಮ ಕಾಲಿಗೆ ಬೀಳಬೇಕು ಅಂದ್ರೆ ಬೀಳ್ತೀನಿ, ಎತ್ತೋಕ್ಕೆ ನಾಲ್ಕು ಜನ ಕರೀಬೇಕಾಗುತ್ತೆ ಅಷ್ಟೆ."

ಅವರು ನಗಲಿಲ್ಲ. "ನಾನು ದರ್ಜಿ ಅಲ್ಲ" ಅಂದರು ಮೆಲ್ಲಗೆ. "ಅಷ್ಟು ಕತ್ತರಿಸಿದ್ರೆ ನೀವು ಉಳಿಯಲ್ಲ."

ಆಗ ನನ್ನವಳು ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು. ಕನ್ನಡಕದ ಅಂಗಡಿಯಲ್ಲಿ ಗಿರಾಕಿಗೆ ಈ ಗಾಜು ಚೆನ್ನಾಗಿದೆಯಾ, ಆ ಗಾಜು ಚೆನ್ನಾಗಿದೆಯಾ ಎಂದು ಕೇಳುವ ದನಿಯಲ್ಲಿ ಡಾಕ್ಟರಮ್ಮನನ್ನು ಕೇಳತೊಡಗಿದಳು.

"ನೂರ ಹತ್ತಲ್ಲಿ ಇವರು ಮಹಡಿ ಹತ್ತುತ್ತಾರಾ?"

"ಹತ್ತುತ್ತಾರೆ."

"ಬಗ್ಗಿ ತಮ್ಮ ಶೂ ತಾವೇ ಕಟ್ಕೋತಾರಾ?"

"ಕಟ್ಕೋತಾರೆ."

"ಇವರ ಅಪ್ಪ ಐವತ್ತು ದಾಟಲಿಲ್ಲ. ಭಾವನವರೂ ದಾಟಲಿಲ್ಲ. ಇವರು ದಾಟ್ತಾರಾ?"

"ಮಾತು ಕೊಡೋಕ್ಕಾಗಲ್ಲ. ಆದ್ರೆ ಈಗಿರೋದಕ್ಕಿಂತ ತುಂಬಾ ತುಂಬಾ ಒಳ್ಳೇ ಅವಕಾಶ ಇರುತ್ತೆ."

"ಹಾಗಾದ್ರೆ ನನಗೆ ನೂರ ಹತ್ತು ಒಪ್ಪಿಗೆ" ಅಂದಳು. "ನಾನೊಬ್ಬಳು ಆಯ್ತು, ನೀವೊಬ್ರು ಆಯ್ತು. ಇವರೊಬ್ರು ಉಳಿದ್ರು."

"ಬಾಯಿ ಮುಚ್ಕೊಂಡಿರೇ" ಎಂದು ಗದರಿದೆ. "ನೂರ ಹತ್ತರಲ್ಲಿ ನಿನಗೆ ಕೊಡಕ್ಕಾಗಲ್ಲ. ಗೊತ್ತಲ್ವಾ ನಿನಗೆ?"

"ಗೊತ್ತು."

"ಮತ್ತೆ ನಿನ್ನ ಗತಿ?"

"ಸತ್ತವರ ಕಿಡ್ನಿಗೆ ಕಾಯೋರ ಪಟ್ಟಿಯಲ್ಲಿ ಹೆಸರಿದೆ. ಸಿಕ್ಕಿದ್ರೆ ಸಿಗುತ್ತೆ, ಇಲ್ದಿದ್ರೆ ಇಲ್ಲ. ಅಲ್ಲೀವರೆಗೂ ಯಂತ್ರಕ್ಕೆ ಕರ್ಕೊಂಡು ಹೋಗಿ ಕರ್ಕೊಂಡು ಬರೋಕ್ಕೆ ಒಬ್ರು ಬೇಕಲ್ಲ ನನಗೆ? ಅವರೇ ಮೊದಲು ಹೊರಟುಹೋದ್ರೆ?" ಅವಳು ಕುರ್ಚಿಯಲ್ಲೇ ಪೂರ್ತಿ ನನ್ನ ಕಡೆ ತಿರುಗಿದಳು. "ರೀ, ಆ ತೊಂಬತ್ತೈದರಲ್ಲಿ ನೀವು ಎಲ್ಲಿದೀರಿ ಹೇಳಿ. ನಾನು ಎಷ್ಟು ಹುಡುಕಿದ್ರೂ ನೀವು ಕಾಣಲ್ಲ, ಬರೀ ನನ್ನ ಕಿಡ್ನಿ ಕಾಣುತ್ತೆ. ನನ್ನ ಐವತ್ತನಾಲ್ಕು ಸುಳ್ಳು ಅಂತ ಒಪ್ಕೊಂಡ ದಿನ ನನಗೆ ಉಸಿರು ಬಂತು. ಒಪ್ಕೊಳ್ದೆ ಇದ್ದಿದ್ರೆ ಸರಿಯಾದ ತೂಕದಲ್ಲೇ ಸಾಯ್ತಿದ್ದೆ. ನಿಮ್ಮದೂ ಸುಳ್ಳು. ಒಪ್ಕೊಳ್ಳಿ."

ಡಾಕ್ಟರಮ್ಮ ಪೆನ್ನು ಹಿಡಿದು ಕಾಯುತ್ತಿದ್ದರು. ಗೋಡೆಯಾಚೆ ಯಾರದೋ ಫೋನು ಬಡಿದು ಬಡಿದು ನಿಂತಿತು. ನಾನು ನನ್ನವಳ ಕೊರಳಿನ ಗುಳಿಯನ್ನೇ ನೋಡುತ್ತಿದ್ದೆ. ನಾಲ್ಕು ಅಕ್ಷರ ಬಾಯಿಬಿಟ್ಟು ಹೇಳಿದರೆ ಮುಗಿಯಿತು, ತಾರೀಕು ಕೊಡುತ್ತಾರೆ. ಆದರೆ ಅದನ್ನು ಹೇಳುವುದು ಎಂದರೆ ಇಷ್ಟು ವರ್ಷ ನನ್ನ ಜೊತೆ ಬಾಳಿದವಳ ಮುಖ ನೋಡಿ, ನನ್ನಿಂದ ನಿನಗೆ ಕೊಡಲಾಗುವುದಿಲ್ಲ ಕಣೇ ಎಂದು ಹೇಳುವುದು. ಹೊಂದಿತು, ಎಲ್ಲ ಹೊಂದಿತು, ಆದರೂ ಕೊಡಲಾಗುವುದಿಲ್ಲ. ಇಷ್ಟೂ ದಿನ ಹಸಿವಿನಲ್ಲಿ ಸತ್ತರೂ ನನಗೆ ಹೀಗೆ ಹೊಟ್ಟೆ ಉರಿದಿರಲಿಲ್ಲ.

"ನೂರ ಹತ್ತು" ಅಂದೆ.

"ಕೇಳಿಸ್ಲಿಲ್ಲ" ಅಂದಳು ಅವಳು. "ಮೈಕಲ್ಲಿ ಹೇಳೋ ಹಾಗೆ ಹೇಳಿ."

"ನೂರ ಹತ್ತು!" ಎಂದು ಕೂಗಿದೆ. ಕೂಗಿದವನು ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿದೆ. ಡಾಕ್ಟರಮ್ಮ ಬರೆದುಕೊಂಡರು. ಅವರು ತಾರೀಕು ಹೇಳಿದ್ದು ನನಗೆ ಎಲ್ಲೋ ದೂರದಿಂದ ಕೇಳಿಸಿತು.

ನನ್ನ ಬೆನ್ನಿನ ಮೇಲೆ ಇದ್ದ ಅವಳ ಕೈ ಸ್ವಲ್ಪ ಹೊತ್ತಿಗೆ ಹೊರಟುಹೋಯಿತು. ಚೀಲದ ಜಿಪ್ಪು ತೆರೆದ ಸದ್ದು ಬಂತು. ತಲೆಯೆತ್ತಿ ನೋಡಿದೆ. ಬೆಳಿಗ್ಗೆ ನಾನು ಬೇಯಿಸಿ ಕಟ್ಟಿಕೊಟ್ಟಿದ್ದ ಡಬ್ಬಿಯನ್ನು ಅವಳು ಮಡಿಲಲ್ಲಿ ಇಟ್ಟುಕೊಂಡು ಮುಚ್ಚಳ ತೆಗೆಯುತ್ತಿದ್ದಳು.

"ನನ್ನ ಊಟದ ಹೊತ್ತಾಯ್ತು ಡಾಕ್ಟರಮ್ಮ, ಇಲ್ಲೇ ತಿನ್ನಬಹುದಾ?" ಎಂದು ಕೇಳಿ, ಅವರು ತಲೆಯಾಡಿಸುತ್ತಲೇ ಮೊಟ್ಟೆಯ ಒಂದು ತುಂಡನ್ನು ಬಾಯಿಗಿಟ್ಟುಕೊಂಡಳು. ನಾನು ಮೆಟ್ಟಿಲ ಮೇಲೆ ಹೋಗಿ ಕೂರಲೆಂದು ಅಭ್ಯಾಸಬಲದಿಂದ ಏಳಲು ಹೋದೆ. ಅವಳು ನನ್ನ ತೋಳು ಹಿಡಿದು ಕೂರಿಸಿದಳು. ನನ್ನ ಮುಖವನ್ನೇ ನೋಡುತ್ತಾ ಅಗಿದಳು, ಕಷ್ಟಪಟ್ಟು ನುಂಗಿದಳು, ಇನ್ನೊಂದು ತುಂಡು ತೆಗೆದುಕೊಂಡಳು. ಅವಳ ಕಣ್ಣಿನಿಂದ ನೀರು ಇಳಿದು ಡಬ್ಬಿಯೊಳಗೆ ಬೀಳುತ್ತಿತ್ತು. ನಾನು ಒಂದೊಂದು ತುತ್ತೂ ಗಂಟಲಲ್ಲಿ ಇಳಿಯುವುದನ್ನು ನೋಡಿದೆ.

"ಒಂದು ಚೂರೂ ಬಿಡಬೇಡ" ಅಂದೆ.